ಮರಸೇಬಿನ ಮರಕ್ಕೆ ಹನ್ನೆರಡು ಡಿಗ್ರಿ

ಗಿಡ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ನಮ್ಮ ತೋಟಗಳಲ್ಲಿ ಬಹುಕಾಲ ಕಣ್ಣೇ ಸಾಕಾಗಿತ್ತು. ಆಮೇಲೆ ಓಟ್ಮಾರ್ ಶ್ಟೋಲ್ ಅವರ ಕೊಳವೆ ಬಂತು.

ನೆಕಾರ್ ನದಿಯ ದಂಡೆಯಲ್ಲಿ, ದ್ರಾಕ್ಷಿ ಬೆಳೆಯುವ ಗುಡ್ಡದ ಬುಡಕ್ಕೆ, ನಮ್ಮ ಸಂಘದ ಮೂವತ್ತೊಂದು ತುಂಡುತೋಟಗಳಿವೆ. ಒಂದೊಂದರಲ್ಲೂ ಮರದ ಹಲಗೆಯ ಒಂದು ಗುಡಿಸಲು, ಮಳೆನೀರಿನ ಒಂದು ಪೀಪಾಯಿ, ನಾಲ್ಕು ಪಾತಿ ತರಕಾರಿ, ಮತ್ತು ಬೇಲಿಯಾಚೆ ಏನು ನಡೆಯುತ್ತಿದೆ ಎಂದು ನೋಡಲು ಒಂದು ಕುರ್ಚಿ. ಬೇಲಿ ಎದೆಯೆತ್ತರ ಮೀರಕೂಡದು ಎಂಬ ನಿಯಮ ಹುಟ್ಟಿದ್ದೇ ಆ ಕುರ್ಚಿಯ ಸಲುವಾಗಿ ಎಂದು ನನ್ನ ಅನುಮಾನ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೌನ. ಸುತ್ತಿಗೆ ಇಲ್ಲ, ಗರಗಸ ಇಲ್ಲ, ಗಟ್ಟಿ ಮಾತೂ ಇಲ್ಲ. ಸಂಘದ ನಡಾವಳಿ ಬರೆಯುವವಳು ನಾನು. ಹನ್ನೊಂದು ವರ್ಷವಾಯಿತು. ನನ್ನ ಅಕ್ಷರ ಚೆಂದವೆಂದು ಕೊಟ್ಟ ಕೆಲಸವಲ್ಲ. ಸಭೆಯಲ್ಲಿ ಬಾಯಿ ತೆರೆಯದೆ ಕೇಳುತ್ತ ಕೂರುವವಳು ನಾನೊಬ್ಬಳೇ ಎಂದು ಕೊಟ್ಟದ್ದು.

ಶ್ಟೋಲ್ ಅವರು ಭೂಮಾಪನ ಕಚೇರಿಯಿಂದ ನಿವೃತ್ತರಾದವರು. ಅಳೆಯದೆ ಇದ್ದ ದಿನ ಅವರಿಗೆ ಊಟ ಸೇರುವುದಿಲ್ಲ. ಕಳೆದ ವಸಂತದಲ್ಲಿ ಸಂಘ ಅವರನ್ನು ಬೆಳೆ ಸಲಹೆಗಾರರನ್ನಾಗಿ ಆರಿಸಿತು. ಎದುರು ನಿಂತವರು ಯಾರೂ ಇರಲಿಲ್ಲ. ಆ ಕೆಲಸಕ್ಕೆ ಎಂದೂ ಇರುವುದಿಲ್ಲ. ಹಿಂದಿದ್ದ ಸಲಹೆಗಾರರು ವರ್ಷಕ್ಕೊಮ್ಮೆ ಬಂದು, ಕತ್ತರಿಗೆ ಸಾಣೆ ಹಿಡಿಯುವುದು ಹೇಗೆಂದು ತೋರಿಸಿ, ಎರಡು ಲೋಟ ಬಿಯರ್ ಕುಡಿದು ಹೋಗುತ್ತಿದ್ದರು. ಶ್ಟೋಲ್ ಅವರು ಹಾಗಲ್ಲ. ಮೊದಲು ಒಂದು ಪುಸ್ತಿಕೆ ತರಿಸಿ ಓದಿದರು. ಆಮೇಲೆ ಅಂಚೆಯಲ್ಲಿ ಒಂದು ರಿಫ್ರ್ಯಾಕ್ಟೋಮೀಟರ್ ತರಿಸಿದರು.

ಆ ಹೆಸರು ಹೇಳಲು ನಮ್ಮವರಲ್ಲಿ ಯಾರಿಗೂ ವ್ಯವಧಾನವಿರಲಿಲ್ಲ; ಎಲ್ಲರೂ ಕೊಳವೆ ಎಂದೇ ಕರೆದರು. ಗೇಣುದ್ದದ ವಸ್ತು. ಒಂದು ತುದಿಯಲ್ಲಿ ಕಣ್ಣಿಡುವ ಗಾಜು, ಇನ್ನೊಂದರಲ್ಲಿ ಓರೆಯಾಗಿ ಕತ್ತರಿಸಿದ ಗಾಜು, ಅದಕ್ಕೊಂದು ಮುಚ್ಚಳ. ಎಲೆಯನ್ನು ಹಿಂಡಿ ಎರಡು ಹನಿ ರಸವನ್ನು ಓರೆಗಾಜಿನ ಮೇಲೆ ಬಿಟ್ಟು, ಮುಚ್ಚಿ, ಬೆಳಕಿನತ್ತ ಹಿಡಿದು ನೋಡಿದರೆ ಒಳಗೆ ಮೇಲರ್ಧ ನೀಲಿ, ಕೆಳಗರ್ಧ ಬಿಳಿ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲೆ ಕೂತಿದೆಯೋ ಅಷ್ಟು ಸಾರ ಆ ಗಿಡದ ರಸದಲ್ಲಿ. ಸಾರವುಳ್ಳ ಗಿಡವನ್ನು ಹುಳ ಮೂಸುವುದಿಲ್ಲ, ರೋಗ ಮುಟ್ಟುವುದಿಲ್ಲ ಎಂದು ಪುಸ್ತಿಕೆ ಹೇಳುತ್ತಿತ್ತು. ಆರಕ್ಕಿಂತ ಕೆಳಗಿದ್ದರೆ ಕಳಪೆ. ಹನ್ನೆರಡು ಮುಟ್ಟಿದರೆ ಉತ್ತಮ.

ಶ್ಟೋಲ್ ಅವರು ಮೊದಲು ಅಳೆದದ್ದು ತಮ್ಮ ಗಿಡವನ್ನಲ್ಲ. ಪಕ್ಕದ ತೋಟದ ಡೋರ್ಲೆ ಬೊಯ್ಟರ್ ಅವರ ಮರಸೇಬಿನ ಮರವನ್ನು.

ಡೋರ್ಲೆಗೆ ಎಂಬತ್ತೊಂದು ವರ್ಷ. ಕಿವಿ ಮಂದ, ನಾಲಿಗೆ ಚುರುಕು. ಆ ಮರಕ್ಕೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಾನೇ ಕಸಿ ಕಟ್ಟಿದವಳು ಅವಳು. ಪ್ರತಿ ಶರತ್ಕಾಲದಲ್ಲಿ ಅದರ ಹಣ್ಣನ್ನು ಸೀಳಿ ಒಣಗಿಸಿ, ಕ್ರಿಸ್‌ಮಸ್ಸಿಗೆ ಮುಂಚೆ ಅದನ್ನು ಹಾಕಿ ಕಪ್ಪು ರೊಟ್ಟಿ ಸುಟ್ಟು, ಮೂವತ್ತೊಂದು ತೋಟಕ್ಕೂ ಒಂದೊಂದು ಹಂಚುತ್ತಾಳೆ. ಜಗಳವಾಡಿದವರಿಗೆ ಸ್ವಲ್ಪ ಸಣ್ಣದು, ಅಷ್ಟೆ. ಶ್ಟೋಲ್ ಅವರಿಗೆ ಮೂರು ವರ್ಷದಿಂದ ಸಣ್ಣದೇ ಬರುತ್ತಿತ್ತು. ಮರದ ನೆರಳು ಬೆಳಿಗ್ಗೆ ಹನ್ನೊಂದರವರೆಗೆ ಅವರ ಟೊಮೆಟೊ ಸಾಲಿನ ಮೇಲೆ ಬೀಳುತ್ತಿತ್ತು. ಆ ನೆರಳಿನ ನಕ್ಷೆಯನ್ನು ಅವರು ತಿಂಗಳಿಗೊಂದರಂತೆ ಬಿಡಿಸಿ ಅವಳಿಗೆ ಕೊಡುತ್ತ ಬಂದಿದ್ದರು.

ಆಗಸ್ಟ್ ಕೊನೆಯ ವಾರ, ರಾತ್ರಿಯಿಡೀ ಮಳೆ ಸುರಿದ ಮರುದಿನ ಬೆಳಿಗ್ಗೆ ಎಂಟಕ್ಕೆ, ಅವರು ಬೇಲಿಯ ಬಳಿ ಬಂದು ನಿಂತರು. ನಾನು ಡೋರ್ಲೆಯ ಜೊತೆ ಹುರುಳಿಕಾಯಿ ಬಿಡಿಸುತ್ತಿದ್ದೆ.

"ಫ್ರಾವ್ ಬೊಯ್ಟರ್, ನಿಮ್ಮ ಮರದ ಎಲೆ ನೋಡಿದ್ರಾ? ತುಂಬಾ ಕಿತ್ತಳೆ ಚುಕ್ಕೆ."

"ನೋಡದೆ ಏನು? ವರ್ಷಾ ವರ್ಷಾ ಬರುತ್ತೆ. ನನ್ನ ಕೈ ಮೇಲೂ ಚುಕ್ಕೆ ಇದೆ ನೋಡಿ. ನನ್ನನ್ನೂ ಕಡೀತೀರಾ?"

"ಕಡಿಯೋ ಮಾತು ಯಾರು ಆಡಿದ್ರು? ಒಂದು ಎಲೆ ಕೊಡಿ ಸಾಕು. ವಿಜ್ಞಾನ."

"ತಗೊಳ್ರಿ. ನಿಮ್ಮ ಕಡೆಗೇ ಬಾಗಿದೆಯಲ್ಲ, ಅದನ್ನೇ ಕಿತ್ಕೊಳ್ಳಿ."

ಅವರು ತಮ್ಮ ಬೇಲಿಗೆ ತಾಗಿ ನೆರಳಲ್ಲಿ ಜೋತಿದ್ದ ತೀರ ಕೆಳಗಿನ ಕೊಂಬೆಯಿಂದ ಹಿಡಿ ಎಲೆ ಕಿತ್ತರು. ಎಲೆ ಹಿಂಡಲೆಂದು ಇಟ್ಟಿದ್ದ ಬೆಳ್ಳುಳ್ಳಿ ಇಕ್ಕಳ ಹಿಂದಿನ ದಿನ ಅಡುಗೆಮನೆಯಲ್ಲೇ ಮುರಿದಿತ್ತಂತೆ. ಕೋಟಿನೊಳಗಿಂದ ಹೆಂಡತಿಯ ಶ್ಪೆಟ್ಸ್‌ಲೆ ಒತ್ತು ಹೊರಬಂತು. ಹಿಟ್ಟು ತುಂಬಿ ಒತ್ತಿದರೆ ಶಾವಿಗೆಯ ಹಾಗೆ ಕುದಿನೀರಿಗೆ ಇಳಿಯುವ, ಭಾನುವಾರದ ಊಟಕ್ಕೆ ಇಲ್ಲದಿದ್ದರೆ ನಡೆಯದ ಒತ್ತು ಅದು.

"ನಿಮ್ಮಾಕೆಗೆ ಗೊತ್ತಾ?" ಎಂದಳು ಡೋರ್ಲೆ.

"ತೊಳೆದು ಇಡ್ತೀನಿ."

"ಹಾಗಾದ್ರೆ ಗೊತ್ತಿಲ್ಲ."

ಶ್ಟೋಲ್ ಅವರು ಮುಖ ಕೆಂಪಾಗುವ ತನಕ ಒತ್ತಿದರು. ಎರಡು ಹನಿ ಬಂತು. ಕೊಳವೆ ಮುಚ್ಚಿ ಮೂಡಣಕ್ಕೆ ತಿರುಗಿ ಒಂದು ಕಣ್ಣು ಮುಚ್ಚಿದರು. ಆಸ್ಪತ್ರೆಯ ಓಣಿಯಲ್ಲಿ ವೈದ್ಯರು ಹೊರಗೆ ಬಂದು ಹೇಳುವ ದನಿಯಲ್ಲಿ, "ಐದು" ಎಂದರು.

"ಐದು ಏನು?"

"ಐದು. ಹನ್ನೆರಡು ಇರಬೇಕಿತ್ತು."

"ನನಗೂ ಹನ್ನೆರಡು ಮಕ್ಕಳಾಗಬೇಕಿತ್ತು. ಒಂದಾಯ್ತು. ಬದುಕಿಲ್ವಾ ನಾನು?"

ಮಾತಿಗೆ ಮಾತು ಕೊಟ್ಟಳಾದರೂ, ಅವರು ಹೋದ ಮೇಲೆ ಡೋರ್ಲೆ ಒಂದು ಎಲೆ ಕಿತ್ತು ಬಹಳ ಹೊತ್ತು ಮಗುಚಿ ಮಗುಚಿ ನೋಡಿದಳು. ನನ್ನ ಅಜ್ಜಿ ವಾರಕ್ಕೊಂದು ಪದ್ಯ ಬಾಯಿಪಾಠ ಮಾಡಿಸುತ್ತಿದ್ದರು. ಅಂಥ ಹೊತ್ತಿಗೆ ಅವು ತಾವಾಗಿ ನಾಲಿಗೆಗೆ ಬರುತ್ತವೆ.

"ಎಲೆಯ ಚುಕ್ಕೆಯನೆಣಿಸಿ ಅಳಬೇಡ ಮಗಳೆ,
ಬಲವೆಲ್ಲ ಬೇರಿನಲಿ ಬಚ್ಚಿಟ್ಟಿಹುದು" ಎಂದೆ.

"ಪದ್ಯಕ್ಕೆ ಎಷ್ಟು ಡಿಗ್ರಿ ಅಂತ ಆ ಮನುಷ್ಯ ಕೇಳ್ತಾನೆ ಕಣೇ ರಿಗೀನೆ," ಎಂದಳು ಅವಳು.

ಆ ಶನಿವಾರ ಸಂಘದ ಮನೆಯಲ್ಲಿ ಸಭೆ. ಅಧ್ಯಕ್ಷೆ ಫ್ರಾವ್ ಎಪ್ಲೆ ಒಲೆಯಲ್ಲಿ ಮಾಂಸ ಬೇಯಲಿಟ್ಟು ಬಂದವರು. ಬೇಗ ಮುಗಿಯಲಿ ಎಂಬುದು ಬಿಟ್ಟರೆ ಅವರಿಗೆ ಬೇರೆ ಅಭಿಪ್ರಾಯವಿರಲಿಲ್ಲ. ಶ್ಟೋಲ್ ಅವರು ರೋಗ ಹರಡುವ ಬಗೆಯನ್ನು ಇಪ್ಪತ್ತು ನಿಮಿಷ ವಿವರಿಸಿ, ಕೊನೆಗೆ ಹೇಳಿದರು:

"ಸುಗ್ಗಿ ಸಭೆಯ ಹೊತ್ತಿಗೆ ಹನ್ನೆರಡು ಮುಟ್ಟದ ಮರ ರೋಗದ ಮರ ಅಂತ ತೀರ್ಮಾನ ಆಗ್ಬೇಕು. ಅಕ್ಟೋಬರ್ ಒಂದರ ಮೇಲೆ ಕಡೀಬೇಕು. ಅದಕ್ಕೆ ಮುಂಚೆ ಹಕ್ಕಿ ಗೂಡಿನ ಕಾನೂನು ಬಿಡಲ್ಲ."

"ಒಪ್ಪೋರು ಕೈ ಎತ್ತಿ," ಎಂದರು ಫ್ರಾವ್ ಎಪ್ಲೆ.

ಮಾಂಸ ಎಲ್ಲರ ಮನೆಯಲ್ಲೂ ಬೇಯುತ್ತಿತ್ತು. ಕೈಗಳು ಎದ್ದವು. ಎಲ್ಲಕ್ಕಿಂತ ಎತ್ತರಕ್ಕೆ ಎದ್ದದ್ದು ಡೋರ್ಲೆಯ ಕೈ. ನಾನು ಮೇಜಿನಡಿ ಅವಳ ಕಾಲು ತುಳಿದೆ. ಅವಳು ನನ್ನನ್ನು ತಿರುಗಿ ತುಳಿದಳು.

"ಯಾಕೆ ಕೈ ಎತ್ತಿದೆ?" ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ಕಾಫಿ ಯಂತ್ರ ಕೊಳ್ಳೋ ವಿಷಯ ಅಲ್ವಾ?"

"ನಿನ್ನ ಮರ ಕಡಿಯೋ ವಿಷಯ."

ಅವಳು ನಿಂತಲ್ಲೇ ನಿಂತಳು. ಆಮೇಲೆ, "ಕಾಫಿ ಯಂತ್ರಕ್ಕೆ ಅಷ್ಟೊಂದು ಜನ ಒಪ್ಪಿದ್ದು ಯಾಕಂತ ನನಗೇ ಆಶ್ಚರ್ಯ ಆಗಿತ್ತು," ಎಂದಳು.

ನಾನು ಅಂದು ಸಂಜೆ ನಡಾವಳಿಯನ್ನು ಶುದ್ಧಪ್ರತಿ ಮಾಡಿದೆ. "ಹನ್ನೆರಡು" ಎಂದಷ್ಟೇ ಬರೆದರೆ ಆ ಅಂಕಿ ಅಂಗಿಯಿಲ್ಲದೆ ಪ್ರಾರ್ಥನೆಗೆ ಬಂದವನ ಹಾಗೆ ಕಾಣುತ್ತಿತ್ತು. ಅದಕ್ಕೊಂದು ಹೊದಿಕೆಯಿರಲಿ ಎಂದು "ಹನ್ನೆರಡು ಡಿಗ್ರಿ" ಎಂದು ಬರೆದೆ. ಇಷ್ಟೇ ನಾನು ಮಾಡಿದ್ದು.

ಮುಂದಿನ ಎರಡು ವಾರ ನಮ್ಮ ತೋಟಗಳಲ್ಲಿ ಯಾರೂ ಯಾರಿಗೂ ನೆಟ್ಟಗೆ ನಮಸ್ಕಾರ ಹೇಳಲಿಲ್ಲ. "ನಿಮ್ಮದು ಎಷ್ಟು?" ಎಂಬುದೇ ನಮಸ್ಕಾರವಾಯಿತು. ಮರಕ್ಕೆ ಮಾತ್ರ ಅನ್ವಯಿಸುವ ನಿಯಮ ಮೂಲಂಗಿಗೂ ಬಂದೀತೆಂದು ಹೆದರಿ ಜನ ಪಾತಿಗಳಿಗೆ ಸಕ್ಕರೆ ಕಾಕಂಬಿ ಕಲಸಿ ಹಾಕಿದರು, ಮಜ್ಜಿಗೆ ನೀರು ಚೆಲ್ಲಿದರು, ಕಲ್ಲಿನ ಪುಡಿ ಎರಚಿದರು. ಇರುವೆಗಳಿಗೆ ಹಬ್ಬವಾಯಿತು. ಶ್ಟೋಲ್ ಅವರ ಮನೆಯಲ್ಲಿ ಭಾನುವಾರದ ಶ್ಪೆಟ್ಸ್‌ಲೆ ಹಸಿರಾಗಿ ಇಳಿಯಿತೆಂದೂ, ಆಕೆ ಒಂದು ಮಾತೂ ಆಡದೆ ಅದನ್ನು ಅವರ ತಟ್ಟೆಗೇ ಬಡಿಸಿ ತಾನು ತಂಗಿಯ ಮನೆಗೆ ಊಟಕ್ಕೆ ಹೋದಳೆಂದೂ ಕೇಳಿದೆ.

ಡೋರ್ಲೆ ತುರಿಕೆಸೊಪ್ಪನ್ನು ಪೀಪಾಯಿಯಲ್ಲಿ ಕೊಳೆಸಿ ಮರದ ಬುಡಕ್ಕೆ ಹೊಯ್ದಳು. ಆ ನಾತಕ್ಕೆ ಅಂಚೆಯವನು ನಮ್ಮ ಓಣಿಗೆ ಬರುವುದು ಬಿಟ್ಟ. ಆಮೇಲೂ ಸಮಾಧಾನವಾಗದೆ, ಗಂಡನ ತಮ್ಮ ಗೆಬ್‌ಹಾರ್ಡನ ಬಳಿ ಹೋದಳು. ಗೆಬ್‌ಹಾರ್ಡ್ ಗುಡ್ಡದ ಮೇಲೆ ದ್ರಾಕ್ಷಿ ಬೆಳೆಯುವವನು. ಸುಗ್ಗಿಯ ದಿನ ಗೊತ್ತುಮಾಡಲು ಅವನ ಬಳಿ ಅಪ್ಪನ ಕಾಲದ್ದೊಂದು ಕೊಳವೆಯಿತ್ತು. ಅವನು ಕೊಟ್ಟಿಗೆಯಲ್ಲಿ ಪೀಪಾಯಿ ತೊಳೆಯುತ್ತಿದ್ದವನು, "ತಗೊಂಡು ಹೋಗಿ ಅತ್ತಿಗೆ, ಬೀಳಿಸಬೇಡಿ," ಎಂದನಂತೆ. ಅಷ್ಟೇ ಮಾತು.

ಅವಳೇ ಎಲೆ ಕಿತ್ತು, ತನ್ನ ಒತ್ತಿನಲ್ಲಿ ಒತ್ತಿ, ನನ್ನ ಕೈಯಲ್ಲಿ ಕೊಳವೆ ಕೊಟ್ಟಳು. "ನೀನು ನೋಡು. ಅಷ್ಟು ಸಣ್ಣ ಅಂಕಿ ನನಗೆ ಕಾಣಲ್ಲ."

ನೋಡಿದೆ. ಮತ್ತೆ ಕಣ್ಣೊರೆಸಿ ನೋಡಿದೆ. ಗೆರೆ ಇಪ್ಪತ್ತರ ಮೇಲೆ ಕೂತಿತ್ತು.

ಡೋರ್ಲೆ ಊರುಗೋಲು ಬಿಟ್ಟು ಬೇಲಿಯವರೆಗೆ ನಡೆದದ್ದನ್ನು ನಾನು ಕಂಡದ್ದು ಅಂದೇ.

"ಇಪ್ಪತ್ತು!"

ಶ್ಟೋಲ್ ಅವರು ಟೊಮೆಟೊ ಕೋಲಿಗೆ ದಾರ ಕಟ್ಟುತ್ತಿದ್ದವರು ತಲೆಯೆತ್ತಿದರು. "ಏನು ಇಪ್ಪತ್ತು?"

"ನನ್ನ ಮರ! ಇಪ್ಪತ್ತು! ನಿಮ್ಮ ಟೊಮೆಟೊ ಎಷ್ಟ್ರೀ?"

"ಸಾಧ್ಯವೇ ಇಲ್ಲ. ಎಲೇಲಿ ಇಪ್ಪತ್ತು ಬರಬೇಕಾದ್ರೆ ಅದು ಎಲೆ ಆಗಿರಲ್ಲ, ಜಾಮ್ ಆಗಿರುತ್ತೆ."

"ಹೊಟ್ಟೆಕಿಚ್ಚು ಹಿಂಡಿದ್ರೆ ಎಷ್ಟು ಬರುತ್ತೆ ಅಂತ ನಿಮ್ಮ ಪುಸ್ತಕದಲ್ಲಿ ಇದೆಯಾ?"

"ಸಕ್ಕರೆ ಹಚ್ಚಿದ್ದೀರಿ ಫ್ರಾವ್ ಬೊಯ್ಟರ್."

"ನೆಕ್ಕಿ ನೋಡಿ!"

ನಾಲ್ಕು ಕುರ್ಚಿಗಳಿಂದ ನಾಲ್ವರು ನೆರೆಯವರು ಎದ್ದು ನಿಂತು ನೋಡುತ್ತಿರಲು, ಭೂಮಾಪನ ಇಲಾಖೆಯ ನಿವೃತ್ತ ಅಧಿಕಾರಿ ಓಟ್ಮಾರ್ ಶ್ಟೋಲ್ ಅವರು ಮರಸೇಬಿನ ಎಲೆಯನ್ನು ಮೇಲೆ ಒಮ್ಮೆ, ಕೆಳಗೆ ಒಮ್ಮೆ ನೆಕ್ಕಿದರು. ಅವರ ಮುಖ ನಿಂಬೆ ಹಿಂಡಿದಂತಾಯಿತು. ಸಕ್ಕರೆ ಇರಲಿಲ್ಲ.

ಗೆಬ್‌ಹಾರ್ಡನ ಕೊಳವೆ ಅಂದಿನಿಂದ ತೋಟದಿಂದ ತೋಟಕ್ಕೆ ಕೈ ಬದಲಾಯಿಸಿತು. ಅದರಲ್ಲಿ ನೋಡಿದರೆ ಎಲ್ಲರ ಗಿಡವೂ ಪೈಲ್ವಾನ. ಫ್ರಾವ್ ಎಪ್ಲೆ ಅವರ ಗೆಡ್ಡೆಕೋಸು ಒಂಬತ್ತರಲ್ಲಿದ್ದದ್ದು ಮೂವತ್ತಾರಕ್ಕೆ ಏರಿತು. ಅವರು ಅದನ್ನು ಕುಯ್ಯಲು ಮನಸ್ಸಾಗದೆ ಫೋಟೋ ತೆಗೆಸಿಕೊಂಡರು. ಶ್ಟೋಲ್ ಅವರ ಕೊಳವೆಯನ್ನು ನಂಬುವವರು ಐದರವರು, ಗೆಬ್‌ಹಾರ್ಡನದನ್ನು ನಂಬುವವರು ಇಪ್ಪತ್ತರವರು ಎಂದು ಎರಡು ಪಂಗಡವಾಯಿತು. ಏಳನೆಯ ತೋಟದಲ್ಲಿ ಗಂಡ ಐದರವನು, ಹೆಂಡತಿ ಇಪ್ಪತ್ತರವಳು; ನಡುವೆ ಒಂದು ದಾರ ಎಳೆದುಕೊಂಡರು.

ಸುಗ್ಗಿ ಸಭೆಯ ದಿನ ಸಂಘದ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಮೇಜಿನ ಮೇಲೆ ಎರಡೂ ಕೊಳವೆ, ನಡುವೆ ಒತ್ತು, ಒಂದು ಬಟ್ಟಲು ಎಲೆ. ಎಲೆಯನ್ನು ಕಿತ್ತು ತಂದದ್ದು ಶ್ಟೋಲ್ ಅವರೇ, ಅಂದು ಬೆಳಿಗ್ಗೆ ಎಂಟಕ್ಕೆ, ಅದೇ ಕೊಂಬೆಯಿಂದ. ಡೋರ್ಲೆ ಈ ಸಲ ಕಿವಿಯ ಯಂತ್ರ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದಳು, ತಪ್ಪಿಯೂ ಮೇಲೇಳದಂತೆ.

ಮೊದಲು ಶುದ್ಧ ನೀರು ಹಾಕಿ ನೋಡಿದರು. ಎರಡರಲ್ಲೂ ಸೊನ್ನೆ. ಆಮೇಲೆ ಒಂದೇ ರಸದ ಹನಿ ಎರಡಕ್ಕೂ. ಒಂದರಲ್ಲಿ ಐದು, ಇನ್ನೊಂದರಲ್ಲಿ ಇಪ್ಪತ್ತು. ಫ್ರಾವ್ ಎಪ್ಲೆ ಅದಲುಬದಲು ಮಾಡಿ ನೋಡಿದರು. ಮತ್ತೆ ಐದು, ಮತ್ತೆ ಇಪ್ಪತ್ತು.

"ಒಂದು ಸುಳ್ಳು ಹೇಳ್ತಿದೆ," ಎಂದರು ಶ್ಟೋಲ್.

"ಹೌದು, ಅಂಚೇಲಿ ಬಂದದ್ದು," ಎಂದಳು ಡೋರ್ಲೆ.

ಆಗ ಬಾಗಿಲಲ್ಲಿ ಗೆಬ್‌ಹಾರ್ಡ್ ಕಾಣಿಸಿದ, ರಬ್ಬರ್ ಬೂಟಿನಲ್ಲಿ. "ಅತ್ತಿಗೆ, ನನ್ನ ಕೊಳವೆ ಬೇಕು. ಸೋಮವಾರ ದ್ರಾಕ್ಷಿ ಕುಯ್ಯೋದು."

"ನಿಲ್ಲೋ, ನಿನ್ನ ಕೊಳವೆ ಸಾಕ್ಷಿ ಹೇಳ್ತಿದೆ."

ಅವನು ಮೇಜಿನ ಬಳಿ ಬಂದು ಒಂದರಲ್ಲಿ ನೋಡಿದ, ಇನ್ನೊಂದರಲ್ಲಿ ನೋಡಿದ. ಹೊಟ್ಟೆ ಕುಲುಕಲು ಶುರುವಾಯಿತು. ನಗು ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಅಯ್ಯೋ ದೇವರೇ. ಇವರದು ಬ್ರಿಕ್ಸ್ ಕೊಳವೆ. ನನ್ನದು ಒಕ್ಸ್‌ಲೆ. ಒಂದೇ ರಸ, ಎರಡು ಅಳತೆ. ಇವರ ಒಂದಕ್ಕೆ ನಮ್ಮ ನಾಲ್ಕು, ಹೆಚ್ಚುಕಮ್ಮಿ. ಸೇರಿಗೂ ಪಾವಿಗೂ ಜಗಳ ಹಚ್ಚಿದ್ದೀರಲ್ಲ!"

ದ್ರಾಕ್ಷಿಯ ಸಿಹಿಯನ್ನು ನಮ್ಮಲ್ಲಿ ಒಕ್ಸ್‌ಲೆಯಲ್ಲಿ ಹೇಳುತ್ತಾರೆ. ಅಳತೆ ಕಂಡುಹಿಡಿದವನ ಹೆಸರಂತೆ ಅದು. ಆದರೆ ನಮ್ಮ ಕಿವಿಗೆ ಪುಟ್ಟ ಎತ್ತು ಎಂದೇ ಕೇಳಿಸುತ್ತದೆ.

ಡೋರ್ಲೆ ಕಿವಿಯ ಯಂತ್ರ ತಿರುಗಿಸಿದಳು. "ಅಂದ್ರೆ ನನ್ನ ಮರದಲ್ಲಿ ಇಪ್ಪತ್ತು ಎತ್ತು ಇದೆ ಅಂತ ತಾನೆ?"

"ಇದೆ. ಅದೇ ಅವರ ಐದು."

"ಎತ್ತು ಇಪ್ಪತ್ತು ಇರುವಾಗ ನಾನು ಯಾಕೋ ಐದಕ್ಕೆ ಒಪ್ಪಲಿ?"

"ಅತ್ತಿಗೆ, ಎರಡೂ ಒಂದೇ..."

"ಒಂದೇ ಆದ್ರೆ ಇಪ್ಪತ್ತೇ ಇರಲಿ."

ಫ್ರಾವ್ ಎಪ್ಲೆ ತಮ್ಮ ಗೆಡ್ಡೆಕೋಸು ಒಂಬತ್ತಕ್ಕೆ ಇಳಿದ ದುಃಖವನ್ನು ನುಂಗಿಕೊಂಡು ಮೇಜು ತಟ್ಟಿದರು. "ಫ್ರಾವ್ ರಾಪ್, ತೀರ್ಮಾನ ಓದಿ. ಏನಂತ ಬರೆದಿದೆ?"

ನಾನೇ ಫ್ರಾವ್ ರಾಪ್. ಎದ್ದು ಓದಿದೆ. "ಹನ್ನೆರಡು ಡಿಗ್ರಿ ಮುಟ್ಟದ ಮರವನ್ನು..."

"ಡಿಗ್ರಿ?" ಎಂದ ಗೆಬ್‌ಹಾರ್ಡ್. "ಯಾವ ಡಿಗ್ರಿ? ಈ ದಂಡೇಲಿ ನನ್ನಜ್ಜನ ಕಾಲದಿಂದ ಡಿಗ್ರಿ ಅಂದ್ರೆ ಒಕ್ಸ್‌ಲೆನೇ. ಬೇರೆ ಡಿಗ್ರಿ ಜ್ವರಕ್ಕೆ ಮಾತ್ರ."

ಹಿಂದಿನ ಸಾಲಿನಲ್ಲಿ ಯಾರೋ ಮೊದಲು ಲೆಕ್ಕ ಮುಗಿಸಿದರು. "ಹನ್ನೆರಡು ಬೇಕು, ಇಪ್ಪತ್ತು ಇದೆ! ಪಾಸು!" ಇಡೀ ಮನೆ ಚಪ್ಪಾಳೆ ಹೊಡೆಯಿತು. ಡೋರ್ಲೆ ತೊಡೆಯ ಕೆಳಗಿಂದ ಕೈ ತೆಗೆದಳು.

ಶ್ಟೋಲ್ ಅವರು ಬಿಳುಚಿಕೊಂಡು ಎದ್ದರು. ನಡಾವಳಿಯಲ್ಲಿ ಬರೆದದ್ದೇ ಬರೆದದ್ದು ಎಂದು ಎರಡು ಬೆರಳು ಎತ್ತರ ಹೆಚ್ಚಿದ್ದ ಬೇಲಿಗಳನ್ನೆಲ್ಲ ಕತ್ತರಿಸಲು ಹಚ್ಚಿದವರು ಅವರು. ಈಗ ಬೇರೆ ದಾರಿಯಿಲ್ಲದೆ ನನ್ನ ಕಡೆ ತಿರುಗಿದರು. "ಫ್ರಾವ್ ರಾಪ್. ನೀವು ದೇವರಿಗೆ ಹೆದರೋರು. ನಾನು ಅವತ್ತು ಡಿಗ್ರಿ ಅಂದ್ನಾ?"

ಮೂವತ್ತು ಮುಖ ನನ್ನನ್ನು ನೋಡಿದವು. ಡೋರ್ಲೆಯದೊಂದು ನೋಡಲಿಲ್ಲ, ಅವಳು ನೆಲ ನೋಡುತ್ತಿದ್ದಳು. "ನೆನಪಿಲ್ಲ" ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು, ಬಹಳ ಹಗುರವಾಗಿತ್ತು. ಆದರೆ ಕೇಳಿಸಿಕೊಳ್ಳುವುದೊಂದೇ ನನ್ನ ಕಸುಬು. ಕೇಳಿದ್ದನ್ನು ಕೇಳಿಲ್ಲವೆಂದರೆ ನನ್ನಲ್ಲಿ ಉಳಿಯುವುದೇನು?

"ಇಲ್ಲ," ಎಂದೆ. "ನೀವು ಬರೀ ಹನ್ನೆರಡು ಅಂದ್ರಿ. ಪುಸ್ತಿಕೆಯ ಹನ್ನೆರಡು. ಡಿಗ್ರಿ ಅನ್ನೋದು ನಾನು ಸೇರಿಸಿದ್ದು."

"ಯಾಕ್ರೀ?" ಎಂದರು ಫ್ರಾವ್ ಎಪ್ಲೆ.

"ಚೆನ್ನಾಗಿ ಕಾಣ್ಲಿ ಅಂತ."

ಚಪ್ಪಾಳೆ ಹೊಡೆದ ಕೈಗಳು ಒಂದೊಂದಾಗಿ ಜೇಬಿಗೆ ಹೋದವು. ಡೋರ್ಲೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು: "ಹನ್ನೊಂದು ವರ್ಷ ಬಾಯಿ ಮುಚ್ಕೊಂಡಿದ್ಲು. ಇವತ್ತೇ ತೆಗೀಬೇಕಿತ್ತು."

ಅವಳ ಎದುರು ತಲೆಯೆತ್ತಲಾರದೆ ನಾನು ಶ್ಟೋಲ್ ಅವರ ಪುಸ್ತಿಕೆಯನ್ನು ಎಳೆದುಕೊಂಡು ಓದುತ್ತ ಕೂತೆ. ಎರಡನೆಯ ಪುಟದಲ್ಲೇ ಇತ್ತು. ಎರಡನೆಯ ಸಲ ಬಾಯಿ ತೆರೆದೆ.

"ಅಧ್ಯಕ್ಷರೇ, ಇಲ್ಲಿ ಹೀಗಿದೆ. ಮಳೆ ನಿಂತು ಎರಡು ದಿನ ಆಗಿರಬೇಕು. ಬಿಸಿಲಿಗೆ ಬಿದ್ದ ಎಲೆ ಆಗಿರಬೇಕು. ಹೊತ್ತು, ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆ ಅಳೆದದ್ದು ಲೆಕ್ಕಕ್ಕೆ ಹಿಡೀಬಾರದು."

ಫ್ರಾವ್ ಎಪ್ಲೆ ತಿರುಗಿದರು. "ಹೆರ್ ಶ್ಟೋಲ್, ನೀವು ಅಳೆದದ್ದು?"

"ಬೆಳಿಗ್ಗೆ ಎಂಟಕ್ಕೆ."

"ಇದನ್ನ ಓದಿರಲಿಲ್ವಾ?"

"ಓದಿದ್ದೆ."

"ಮತ್ತೆ?"

ಶ್ಟೋಲ್ ಅವರು ಮೊದಲ ಸಲ ತಡವರಿಸಿದರು. "ಎರಡು ಗಂಟೆಗೆ ಮೌನದ ಹೊತ್ತು. ಒತ್ತು ಕಿರ್ರ್ ಅನ್ನುತ್ತೆ."

ಯಾರೂ ನಗಲಿಲ್ಲ. ಅದು ನಮಗೆಲ್ಲ ಸರಿಯಾದ ಕಾರಣವೆಂದೇ ಕಂಡಿತು. ಮಂಗಳವಾರ ಎರಡು ಗಂಟೆಗೆ, ಪುಸ್ತಿಕೆಯ ಪ್ರಕಾರ, ಮೌನಕ್ಕೆ ಭಂಗ ಬಾರದಂತೆ ಮತ್ತೆ ಅಳೆಯುವುದು, ಅದೇ ಕೊನೆ ಎಂದು ತೀರ್ಮಾನವಾಯಿತು. "ಬ್ರಿಕ್ಸ್" ಎಂದು ನಾನು ದಪ್ಪಕ್ಷರದಲ್ಲಿ ಬರೆದೆ.

ಮಂಗಳವಾರ ಬಿಸಿಲು ಚೆನ್ನಾಗಿತ್ತು. ಮರದ ಕೆಳಗೆ ನಾವೆಲ್ಲ ಬೂಟು ಕಳಚಿ ಹುಲ್ಲಿನ ಮೇಲೆ ನಿಂತೆವು. ಶ್ಟೋಲ್ ಅವರು ಒತ್ತಿನ ಸಂದಿಗೆ ಬೆಣ್ಣೆ ಸವರಿ, ಅದನ್ನೂ ಕೊಳವೆಯನ್ನೂ ದಾರದಲ್ಲಿ ಕೊರಳಿಗೆ ಕಟ್ಟಿಕೊಂಡು, ಗಂಟೆ ಕಟ್ಟಿದ ಹಸುವಿನ ಹಾಗೆ ಏಣಿ ಹತ್ತಿದರು. ನಾನು ಕಾಗದ ಹಿಡಿದು ಏಣಿಯ ಬುಡದಲ್ಲಿ ನಿಂತೆ. ಡೋರ್ಲೆ ಮೂರು ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಆದರೆ ಇಡೀ ಗುಂಪಿನಲ್ಲಿ ನನ್ನ ತೋಳನ್ನೇ ಹಿಡಿದುಕೊಂಡಳು.

"ಎಂಟು," ಎಂದು ಮೇಲಿನಿಂದ ಪಿಸುದನಿ ಬಂತು.

"ಏನಂತೆ?" ಎಂದಳು ಡೋರ್ಲೆ. ಎಂಟು ಎಂದು ಬೆರಳು ತೋರಿಸಿದೆ. ಅವಳ ಉಗುರು ನನ್ನ ತೋಳಿಗೆ ಇಳಿಯಿತು.

"ಒಂಬತ್ತು." ಇನ್ನೊಂದು ಮೆಟ್ಟಿಲು. "ಒಂಬತ್ತೂವರೆ."

ಇಳಿದು ಬರಬಹುದಿತ್ತು ಅವರು. ಒಂಬತ್ತೂವರೆ ಹನ್ನೆರಡಲ್ಲ, ಯಾರೂ ತಡೆಯುತ್ತಿರಲಿಲ್ಲ. ಫ್ರಾವ್ ಎಪ್ಲೆ ಕೈ ಬೀಸಿ, ಸಾಕು ಇಳೀರಿ ಎಂದೂ ಸನ್ನೆ ಮಾಡಿದರು. ಶ್ಟೋಲ್ ಅವರು ಅದನ್ನು ನೋಡಲಿಲ್ಲ. ಏಣಿ ಮುಗಿದರೂ ಕೊಂಬೆ ಹಿಡಿದು ಮೇಲೆ ಹೋದರು. ಶಿಖರ ಕಂಡ ಮೇಲೆ ಅರ್ಧಕ್ಕೆ ನಿಂತು ಎತ್ತರ ಬರೆದುಕೊಳ್ಳುವವರು ಅವರಲ್ಲ.

"ಹತ್ತು. ಹನ್ನೊಂದು, ಇದು ಪಡುವಣ ಕೊಂಬೆ. ಬೇರೆಯಾಗಿ ಬರೀರಿ ಫ್ರಾವ್ ರಾಪ್, ದಿಕ್ಕು ಬರೀರಿ!" ಪಿಸುದನಿ ದಪ್ಪಗಾಗುತ್ತ ಬಂತು. ಎಲೆಗಳ ನಡುವೆ ಅವರ ಎರಡು ಕಾಲುಚೀಲ ಮಾತ್ರ ಕಾಣುತ್ತಿತ್ತು. ಒತ್ತು ಒಮ್ಮೆ ಕಿರ್ರ್ ಎಂದಿತು. ಆಮೇಲೆ—

"ಹದಿಮೂರು!"

ಗುಡ್ಡದ ಮೇಲಿನ ದ್ರಾಕ್ಷಿ ತೋಟದಿಂದ ಹಕ್ಕಿಗಳು ಎದ್ದವು. ಹನ್ನೆರಡನೆಯ ತೋಟದಲ್ಲಿ ಮಲಗಿದ್ದವರೊಬ್ಬರು ಬೆಂಕಿ ಎಂದುಕೊಂಡು ನೀರಿನ ಕೊಡ ಹಿಡಿದು ಓಡಿಬಂದರು. ಮೌನದ ಹೊತ್ತಿನಲ್ಲಿ ಕೂಗಿದ್ದಕ್ಕೆ ಹದಿನೇಳು ಜನರಿಗೆ ಎಚ್ಚರಿಕೆ ಪತ್ರ ಬರೆಸಿದ್ದ ಓಟ್ಮಾರ್ ಶ್ಟೋಲ್ ಅವರು ಮರದ ತುದಿಯಿಂದ ಮತ್ತೊಮ್ಮೆ ಕೂಗಿದರು:

"ಹದಿಮೂರು! ಕೆಳಗೆ ಎಂಟು, ಮೇಲೆ ಹದಿಮೂರು! ಒಂದೇ ಮರ ಕಣ್ರೀ!"

"ಹಾಗಾದ್ರೆ ಈಗ ಏನು ಮಾಡೋದು?" ಎಂದರು ಫ್ರಾವ್ ಎಪ್ಲೆ, ಪಿಸುಗುಡುವುದನ್ನು ಕೈಬಿಟ್ಟು. "ಎಂಟಿರೋ ಕಡೆ ಕಡಿದು ಹದಿಮೂರಿರೋ ತುದೀನ ಗಾಳೀಲಿ ಬಿಡೋದಾ?"

"ಯಾರೂ ಏನೂ ಮುಟ್ಟಕೂಡದು!" ಎಲೆಗಳ ನಡುವೆ ಅವರ ಕೆಂಪು ಮುಖ ಕಂಡಿತು. "ಒಂದು ಮಧ್ಯಾಹ್ನ ನೋಡಿ ಏನು ಹೇಳೋಕಾಗುತ್ತೆ? ನಾಲ್ಕು ದಿಕ್ಕು, ಮೂರು ಎತ್ತರ, ಹನ್ನೆರಡು ಜಾಗ. ಚಿಗುರೊಡೆದಾಗಿಂದ ಎಲೆ ಉದುರೋವರೆಗೆ ವಾರಕ್ಕೊಂದು ಸಲ. ಕಡಿಮೆ ಅಂದ್ರೆ ಐದು ವರ್ಷ. ಅದಕ್ಕೆ ಮುಂಚೆ ಕೊಡಲಿ ತಂದೋರ ಮೇಲೆ ನಾನೇ ದೂರು ಕೊಡ್ತೀನಿ."

"ನಿಮ್ಮ ಟೊಮೆಟೊಗೆ ನೆರಳು ಬೀಳುತ್ತಲ್ಲ?" ಎಂದು ಯಾರೋ ಚುಚ್ಚಿದರು.

"ಟೊಮೆಟೊ ಎಲ್ಲಿ ಬೇಕಾದ್ರೂ ಸಿಗುತ್ತೆ. ಇಷ್ಟು ಏರಿಳಿತ ಇರೋ ಮರ ಎಲ್ಲಿ ಸಿಗುತ್ತೆ?"

ಡೋರ್ಲೆ ನನ್ನ ತೋಳು ಅಲುಗಿಸಿದಳು. "ಏನಂತಾನೆ?"

"ಕಡಿಯೋದು ಬೇಡ ಅಂತಾರೆ. ಐದು ವರ್ಷ ಅಳೀತಾರಂತೆ."

ಅವಳು ಹಿಡಿತ ಸಡಿಲಿಸಿದಳು. ತೋಳಿನ ಮೇಲೆ ನಾಲ್ಕು ಉಗುರಿನ ಗುರುತು ಉಳಿದಿತ್ತು; ಅವಳು ಅದನ್ನು ಹೆಬ್ಬೆರಳಿಂದ ಒಮ್ಮೆ ಸವರಿದಳು. ಕ್ಷಮಿಸಿದೆ ಎಂದಳೋ, ಕ್ಷಮಿಸು ಎಂದಳೋ, ನಾನು ಕೇಳಲಿಲ್ಲ. ಮೂಗು ಒರೆಸಿಕೊಂಡು ಗುಡಿಸಲೊಳಗೆ ಹೋದವಳು ಒಂದು ಬೆತ್ತದ ಬುಟ್ಟಿಯನ್ನೂ ಹಗ್ಗವನ್ನೂ ತಂದು, ಹಗ್ಗದ ತುದಿಯನ್ನು ಮೇಲಕ್ಕೆ ಎಸೆದಳು.

"ಹೆರ್ ಶ್ಟೋಲ್! ಹೇಗೂ ಹತ್ತಿದ್ದೀರಿ. ತುದಿ ಹಣ್ಣು ಕಿತ್ತು ತುಂಬಿಸಿ. ನನ್ನ ಏಣಿ ಅಲ್ಲಿಗೆ ಮುಟ್ಟಲ್ಲ, ವರ್ಷಾ ವರ್ಷಾ ಕಾಗೆ ಪಾಲಾಗುತ್ತೆ."

ಎಲೆಗಳ ನಡುವಿನಿಂದ ಒಂದು ಕೈ ಬಂದು ಹಗ್ಗ ಹಿಡಿಯಿತು. ಬುಟ್ಟಿ ತೂಗಾಡುತ್ತ ಏರಿತು.

"ಎಷ್ಟಾಯ್ತು?" ಎಂದು ಕೂಗಿದಳು ಡೋರ್ಲೆ.

"ಹನ್ನೆರಡೂವರೆ! ತೆಂಕಣ ಕೊಂಬೆ!"

"ಹಣ್ಣು ಎಷ್ಟಾಯ್ತು ಅಂತ ಕೇಳಿದ್ದು ಕಣಯ್ಯಾ!"